ದಾನಕ್ಕೊಂದು ರಸೀದಿ, ರೆಜೀಮ್‌ಗೊಂದು ಲೆಕ್ಕ: ಮಾರ್ಚ್ 31ಕ್ಕೆ ಮುಂಚೆ ಓದಿ

ಮಾರ್ಚ್ ಬಂತು ಅಂದ್ರೆ ನಮ್ಮಂಥ ಸಂಬಳದವರ ಫೋನಿಗೆ ಎರಡು ಥರದ ಮೆಸೇಜ್ ಶುರುವಾಗುತ್ತೆ. ಒಂದು ಇನ್ಶೂರೆನ್ಸ್ ಏಜೆಂಟರದ್ದು, "ಟ್ಯಾಕ್ಸ್ ಉಳಿಸೋಕೆ ಇದೇ ಕೊನೇ ಅವಕಾಶ" ಅಂತ. ಇನ್ನೊಂದು ಟ್ರಸ್ಟ್‌ಗಳದ್ದು, ಎನ್‌ಜಿಒಗಳದ್ದು: "31ರ ಒಳಗೆ ದೇಣಿಗೆ ಕೊಡಿ, 80ಜಿ ಅಡಿಯಲ್ಲಿ ತೆರಿಗೆ ಕಡಿತ ಪಡೆಯಿರಿ." ಮೊದಲನೇದನ್ನ ನಾವು ಯೋಚನೆ ಮಾಡದೆ ಡಿಲೀಟ್ ಮಾಡ್ತೀವಿ. ಎರಡನೇದು ಸ್ವಲ್ಪ ಕಾಡುತ್ತೆ. "ಆಮೇಲೆ ನೋಡೋಣ" ಅಂತ ಹಾಗೇ ಬಿಟ್ಟಿರ್ತೀವಿ.

ಈ ಅಂಕಣ ಓದುವ ಒಬ್ಬರು ಕೇಳಿದ ಪ್ರಶ್ನೆ ಹೀಗಿತ್ತು: "ವರ್ಷಕ್ಕೆ 20,000 ರೂಪಾಯಿ ಒಂದು ಟ್ರಸ್ಟ್‌ಗೆ ಕೊಡ್ತಿದ್ದೆ. ಈಗ ನ್ಯೂ ರೆಜೀಮ್‌ನಲ್ಲಿದ್ದೀನಿ. ದೇಣಿಗೆಗೆ ಏನೂ ಸಿಗಲ್ಲ ಅಂತಾರೆ. ಹಾಗಾದ್ರೆ ಕೊಡೋದಾ, ಬಿಡೋದಾ?"

ಎಷ್ಟು ನೇರವಾದ ಪ್ರಶ್ನೆ ನೋಡಿ. ಕೇಳಿದವರು ಒಬ್ಬರು, ಆದ್ರೆ ಮನಸ್ಸಲ್ಲೇ ಕೇಳಿಕೊಂಡವರು ತುಂಬಾ ಜನ ಇರ್ತಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಮೊದಲೇ ಹೇಳಿಬಿಡ್ತೀನಿ, ನಾನು ಸಿಎ ಅಲ್ಲ, ಕೋಡ್ ಬರೆಯೋ ಜಾತಿ. ಆದ್ರೆ ರೂಲ್ಸ್ ಓದಿ, ಎಕ್ಸೆಲ್ ಶೀಟ್‌ನಲ್ಲಿ ಹಾಕಿ ನೋಡೋ ಚಟ ಇದೆ.

ಮೊದಲ ಪ್ರಶ್ನೆ: ನೀವು ಯಾವ ರೆಜೀಮ್?

ಆದಾಯ ತೆರಿಗೆಯಲ್ಲಿ ಎರಡು ದಾರಿ ಇದೆ ಅಂತ ಎಲ್ರಿಗೂ ಗೊತ್ತು. ಹಳೇ ಪದ್ಧತಿ, ಹೊಸ ಪದ್ಧತಿ. 2023-24ರಿಂದ ಹೊಸದೇ ಡಿಫಾಲ್ಟ್. ನೀವು ಬಾಯಿ ಬಿಟ್ಟು ಹಳೇದು ಬೇಕು ಅನ್ನದಿದ್ರೆ ಹೊಸದರಲ್ಲೇ ಇದ್ದೀರಿ ಅಂತ ಅರ್ಥ.

ದೇಣಿಗೆಯ ಕಡಿತ, ಅಂದ್ರೆ ಸೆಕ್ಷನ್ 80ಜಿ, ಹಳೇ ಪದ್ಧತಿಯಲ್ಲಿ ಮಾತ್ರ ಸಿಗುತ್ತೆ. ಹೊಸದರಲ್ಲಿ ಇಲ್ಲ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಕೊಟ್ಟರೂ ಇಲ್ಲ, ಪಕ್ಕದ ಬೀದಿಯ ಅನಾಥಾಶ್ರಮಕ್ಕೆ ಕೊಟ್ಟರೂ ಇಲ್ಲ. ಎನ್‌ಜಿಒದವರು ಕಳಿಸೋ ಮೆಸೇಜ್‌ನಲ್ಲಿ ಈ ಒಂದು ಸಾಲು ಸಾಮಾನ್ಯವಾಗಿ ಇರಲ್ಲ. ಅವರಿಗೆ ನಿಮ್ಮ ರೆಜೀಮ್ ಗೊತ್ತಿರಲ್ಲ, ಪಾಪ.

ಹಾಗಾದ್ರೆ ದೇಣಿಗೆಗೋಸ್ಕರ ಹಳೇ ಪದ್ಧತಿಗೆ ಹೋಗಬಹುದಾ? ಲೆಕ್ಕ ಹಾಕೋಣ.

ವರ್ಷಕ್ಕೆ 18 ಲಕ್ಷ ಸಂಬಳ ಇರೋ ಒಬ್ಬರನ್ನ ತಗೊಳ್ಳಿ. 2025-26ರ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 17.25 ಲಕ್ಷ ಉಳಿಯುತ್ತೆ. ಅದಕ್ಕೆ ತೆರಿಗೆ 1,45,000. ಸೆಸ್ 4% ಸೇರಿಸಿ 1,50,800.

ಅವರೇ ಹಳೇ ಪದ್ಧತಿಯಲ್ಲಿ ಇದ್ದರೆ: 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ ಪೂರ್ತಿ 1.5 ಲಕ್ಷ, ಆರೋಗ್ಯ ವಿಮೆಗೆ 25,000, ಮನೆ ಬಾಡಿಗೆಯ ಎಚ್‌ಆರ್‌ಎ ಒಂದು 3 ಲಕ್ಷ ಅಂತ ಇಟ್ಕೊಳ್ಳಿ. ಉಳಿಯೋದು 12.75 ಲಕ್ಷ. ತೆರಿಗೆ ಸೆಸ್ ಸೇರಿ 2,02,800.

ಈಗ 20,000 ದೇಣಿಗೆ ತನ್ನಿ. ಸಾಮಾನ್ಯ ಟ್ರಸ್ಟ್‌ಗೆ ಕೊಟ್ಟಿದ್ದರಲ್ಲಿ ಅರ್ಧಕ್ಕೆ ಮಾತ್ರ ಕಡಿತ, ಅಂದ್ರೆ 10,000ಕ್ಕೆ. 30% ಸ್ಲ್ಯಾಬ್ ಮತ್ತು ಸೆಸ್ ಲೆಕ್ಕದಲ್ಲಿ ಉಳಿಯೋ ತೆರಿಗೆ 3,120 ರೂಪಾಯಿ. ತೆರಿಗೆ 1,99,680ಕ್ಕೆ ಇಳಿಯಿತು. ಆದ್ರೂ ಹೊಸದಕ್ಕಿಂತ 48,880 ಜಾಸ್ತಿ! ಮೂರು ಸಾವಿರ ಉಳಿಸೋಕೆ ಸುಮಾರು 49 ಸಾವಿರ ಕಳ್ಕೊಳ್ಳೋದು ಯಾರೂ ಮಾಡೋ ವ್ಯಾಪಾರ ಅಲ್ಲ.

18 ಲಕ್ಷ ಸಂಬಳದವರಿಗೆ ಹಳೇದು ಲಾಭ ಆಗಬೇಕಾದ್ರೆ ಎಲ್ಲಾ ಕಡಿತ ಸೇರಿ ಸುಮಾರು 6.9 ಲಕ್ಷ ದಾಟಬೇಕು. ದೊಡ್ಡ ಎಚ್‌ಆರ್‌ಎ, ಜೊತೆಗೆ ಹೋಮ್ ಲೋನ್ ಬಡ್ಡಿ ಇರೋರಿಗೆ ಅದು ಸಾಧ್ಯ. ಉಳಿದವರಿಗೆ ಕಷ್ಟ. ಇನ್ನು 12 ಲಕ್ಷದವರೆಗೆ ತೆರಿಗೆಯ ಆದಾಯ ಇರೋರಿಗೆ, ಸಂಬಳದ ಲೆಕ್ಕದಲ್ಲಿ 12.75 ಲಕ್ಷದವರೆಗೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಸೊನ್ನೆ. ಕಟ್ಟೋ ತೆರಿಗೆಯೇ ಇಲ್ಲದ ಮೇಲೆ ಉಳಿಸೋದು ಎಲ್ಲಿಂದ?

ಹಾಗಾಗಿ ನಮ್ಮ ವಯಸ್ಸಿನ ಬಹಳಷ್ಟು ಜನಕ್ಕೆ ಉತ್ತರ ಇಷ್ಟೇ: ದೇಣಿಗೆಯಿಂದ ತೆರಿಗೆ ಉಳಿಯಲ್ಲ.

ಆ ಕಡೆಯ ಫೋನ್

ಇದು ನಮ್ಮ ಕಡೆಯ ಲೆಕ್ಕ. ಆ ಕಡೆ ಏನಾಗ್ತಿದೆ?

ನಮ್ಮೂರ ಹತ್ತಿರ ಒಂದು ಸಣ್ಣ ಉಚಿತ ಹಾಸ್ಟೆಲ್ ಇದೆ. ಸುತ್ತಲಿನ ಹಳ್ಳಿ ಮಕ್ಕಳು ಅಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗ್ತಾರೆ. ರಿಟೈರ್ ಆದ ಮೇಷ್ಟ್ರೊಬ್ಬರು ನೋಡ್ಕೊಳ್ತಾರೆ. ವರ್ಷಕ್ಕೊಮ್ಮೆ ಫೋನ್ ಮಾಡಿ ಮಾತಾಡ್ತೀನಿ. ಹೋದ ವರ್ಷ ಮಾತಾಡ್ತಾ ಅವರು ಕೇಳಿದ್ರು:

"ಅಲ್ಲಪ್ಪಾ, ಮೊದಲೆಲ್ಲ ಮಾರ್ಚ್ ಕೊನೇ ವಾರ ಬೆಂಗಳೂರಿಂದ ಹುಡುಗರು ತಾವೇ ಫೋನ್ ಮಾಡೋರು. ಮೇಷ್ಟ್ರೇ, ಅಕೌಂಟ್ ನಂಬರ್ ಕಳಿಸಿ, ರಸೀದಿ ಬೇಗ ಕಳಿಸಿ ಅಂತ. ನಮ್ಗೆ ಜೂನ್‌ನಲ್ಲಿ ಅಕ್ಕಿ, ಬೇಳೆ, ನೋಟ್‌ಬುಕ್ಕು ಎಲ್ಲಾ ಅದರಲ್ಲೇ ಆಗೋದು. ಈಗ ನಾನೇ ಫೋನ್ ಮಾಡಿದ್ರೂ, ಸಾರ್, ನಂದು ನ್ಯೂ ರೆಜೀಮ್ ಅಂತಾರೆ. ಅದೇನಪ್ಪಾ ಅದು ನ್ಯೂ ರೆಜೀಮು?"

ನಾನು ವಿವರಿಸಿದೆ. ಎಲ್ಲಾ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು. "ಓಹೋ. ನಾನು ಹುಡುಗರಿಗೆ ಕೆಲಸ ಹೋಗಿದೆಯೇನೋ ಅಂತ ಬೇಜಾರು ಮಾಡ್ಕೊಂಡಿದ್ದೆ."

ಅವರ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಹಾಗೇ ಅಂದುಕೊಂಡಿದ್ದರು. ಸರ್ಕಾರ ಒಂದು ಫಾರಂ ಬದಲಾಯಿಸಿದ್ದಕ್ಕೆ ಮಕ್ಕಳ ಅಕ್ಕಿ ದುಡ್ಡು ನಿಲ್ಲುತ್ತೆ ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಲೆಕ್ಕ, ಇದನ್ನ ಯಾರೂ ಹಾಕಲ್ಲ

ಈಗ ಅದೇ 18 ಲಕ್ಷ ಸಂಬಳದವರಿಗೆ ವಾಪಸ್ ಬರೋಣ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಲ್ಯಾಬ್ ಬದಲಾಯ್ತು. ಅದಕ್ಕೆ ಹಿಂದಿನ ವರ್ಷದ ಸ್ಲ್ಯಾಬ್ ಪ್ರಕಾರ ಇದೇ 17.25 ಲಕ್ಷಕ್ಕೆ ತೆರಿಗೆ 2,07,500 ಆಗ್ತಿತ್ತು. ಈಗ 1,45,000. ವ್ಯತ್ಯಾಸ 62,500. ಸೆಸ್ ಸೇರಿಸಿದರೆ ಸರಿಯಾಗಿ 65,000 ರೂಪಾಯಿ.

ಅಂದ್ರೆ, ಸಂಬಳ ಒಂದು ಪೈಸೆ ಹೆಚ್ಚಾಗದೆ ವರ್ಷಕ್ಕೆ 65,000 ಕೈಯಲ್ಲಿ ಉಳೀತು. 12.75 ಲಕ್ಷ ಸಂಬಳದವರಿಗೆ ಉಳಿದಿದ್ದು 83,200.

80ಜಿ ಇದ್ದಿದ್ದರೆ 20,000 ದೇಣಿಗೆಗೆ ಸಿಗ್ತಿದ್ದಿದ್ದು 3,120. ಆ 3,120 ಇಲ್ಲ ಅಂತ ಕೈ ಬಿಗಿ ಮಾಡ್ತೀವಿ. 65,000 ಬಂದಿದ್ದು ನೆನಪಿಗೇ ಬರಲ್ಲ. ಅದು ಎಲ್ಲಿ ಹೋಯ್ತು ಅಂತ ಕೇಳಿದ್ರೆ ಉತ್ತರನೂ ಇರಲ್ಲ, ಸ್ವಿಗ್ಗಿ, ಇಎಂಐ, ಗೋವಾ ಟ್ರಿಪ್ಪು ಅಂತ ಸೇರಿಹೋಗಿರುತ್ತೆ. ತಪ್ಪು ಅಂತ ಹೇಳ್ತಿಲ್ಲ. ಲೆಕ್ಕ ಹಾಕೋದಾದ್ರೆ ಎರಡೂ ಕಡೆ ಹಾಕೋಣ ಅಂತ ಅಷ್ಟೇ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಲ್ಲೇ ಇದೆ. ತೆರಿಗೆ ಕಡಿತ ಅನ್ನೋದು ದಾನಕ್ಕೆ ಸಿಗ್ತಿದ್ದ ಬೆಲ್ಲದ ಚೂರು. ಹಳೇ ಪದ್ಧತಿಯಲ್ಲಿ 30% ಸ್ಲ್ಯಾಬ್‌ನವರು 20,000 ಕೊಟ್ಟಾಗಲೂ 16,880 ಅವರ ಜೇಬಿಂದಲೇ ಹೋಗ್ತಿತ್ತು. 20% ಸ್ಲ್ಯಾಬ್‌ನವರಿಗೆ 17,920. ದಾನ ಕೊಟ್ಟು ದುಡ್ಡು ಮಾಡಿದವರು ಯಾರೂ ಇಲ್ಲ. ಅವತ್ತೂ ನೀವು ಕೊಟ್ಟಿದ್ದು ಕೊಡಬೇಕು ಅನ್ನಿಸಿದ್ದಕ್ಕೆ.

ದಾನಕ್ಕೂ ತೆರಿಗೆಗೂ ನಂಟು ಇವತ್ತಿನದಲ್ಲ. ನಮ್ಮ ನಾಡಿನ ಹಳೇ ಶಾಸನಗಳಲ್ಲಿ ದಾನ ಶಾಸನಗಳಿಗೆ ಲೆಕ್ಕವಿಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಅದರ ಎಲ್ಲೆ ಯಾವುದು ಎಲ್ಲಾ ಕಲ್ಲಿನ ಮೇಲೆ ಕೆತ್ತಿಸ್ತಿದ್ದರು. ಒಂಥರಾ ಕಲ್ಲಿನ ರಸೀದಿ. ಹಾಗೆ ಕೊಟ್ಟ ಭೂಮಿಯನ್ನ 'ಸರ್ವಮಾನ್ಯ' ಅಂತ ಮಾಡಿದ್ರೆ ಅದಕ್ಕೆ ಕಂದಾಯ ಇರ್ತಿರಲಿಲ್ಲ. ಆದ್ರೆ ಗಮನಿಸಿ, ಆ ಕಂದಾಯ ಮಾಫಿಯ ಲಾಭ ಹೋಗ್ತಿದ್ದಿದ್ದು ಪಡೆದವರಿಗೆ.

ಹಳೇ ಪದ್ಧತಿಯಲ್ಲಿ ಇದ್ದೀರಾ? ಇಷ್ಟು ನೆನಪಿಡಿ

ಹೋಮ್ ಲೋನ್, ಎಚ್‌ಆರ್‌ಎ ಅಂತ ಹಳೇದರಲ್ಲೇ ಇರೋರಿಗೆ 80ಜಿ ಇನ್ನೂ ಜೀವಂತ ಇದೆ. ಸಿಗಬೇಕಾದ್ದನ್ನ ಬಿಡಬೇಡಿ.

ಒಂದು, ಎಲ್ಲಾ ದೇಣಿಗೆಗೂ ಒಂದೇ ರೂಲ್ ಅಲ್ಲ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪಿಎಂ ಕೇರ್ಸ್, ರಾಷ್ಟ್ರೀಯ ರಕ್ಷಣಾ ನಿಧಿ, ಮುಖ್ಯಮಂತ್ರಿಗಳ ಪರಿಹಾರ ನಿಧಿ, ಇವಕ್ಕೆ ಕೊಟ್ಟರೆ ಪೂರ್ತಿ 100% ಕಡಿತ, ಮಿತಿ ಇಲ್ಲ. ನಾವು ಸಾಮಾನ್ಯವಾಗಿ ಕೊಡೋ ಟ್ರಸ್ಟ್, ಎನ್‌ಜಿಒಗಳಿಗೆ 50%, ಅದಕ್ಕೂ ಮಿತಿ ಇದೆ.

ಎರಡು, ಮಿತಿ ಅಂದ್ರೆ ಏನು? ಉಳಿದ ಕಡಿತಗಳನ್ನೆಲ್ಲ ಕಳೆದ ಮೇಲೆ ಬರೋ ಆದಾಯದ 10%. ಆ ಆದಾಯ 16 ಲಕ್ಷ ಇದ್ದರೆ 1.6 ಲಕ್ಷದವರೆಗಿನ ದೇಣಿಗೆ ಮಾತ್ರ ಲೆಕ್ಕಕ್ಕೆ ಬರುತ್ತೆ, ಅದರ ಅರ್ಧ 80,000 ಕಡಿತ. ನೀವು 2 ಲಕ್ಷ ಕೊಟ್ಟಿದ್ದರೂ ಅಷ್ಟೇ.

ಮೂರು, ನಗದು ಬೇಡ. 2,000 ರೂಪಾಯಿಗಿಂತ ಹೆಚ್ಚು ಕ್ಯಾಶ್ ಕೊಟ್ಟರೆ ಕಡಿತ ಇಲ್ಲ. ಮೊದಲ 2,000ಕ್ಕಾದರೂ ಸಿಗುತ್ತೆ ಅಂದುಕೊಳ್ಳಬೇಡಿ, ಪೂರ್ತಿ ಮೊತ್ತಕ್ಕೇ ಸಿಗಲ್ಲ. ಯುಪಿಐ, ಚೆಕ್, ಕಾರ್ಡ್, ನೆಟ್ ಬ್ಯಾಂಕಿಂಗ್ ಯಾವುದಾದ್ರೂ ಸರಿ, ನಿಮ್ಮ ಖಾತೆಯಿಂದಲೇ ಹೋಗಲಿ.

ನಾಲ್ಕು, ರಸೀದಿಯಷ್ಟೇ ಸಾಲದು, ಫಾರ್ಮ್ 10ಬಿಇ ಬೇಕು. ಇದು ಬಹಳ ಜನಕ್ಕೆ ಗೊತ್ತಿರಲ್ಲ. ನೀವು ದೇಣಿಗೆ ಕೊಟ್ಟ ಸಂಸ್ಥೆ, ಯಾರ್ಯಾರು ಎಷ್ಟು ಕೊಟ್ಟರು ಅನ್ನೋ ಪಟ್ಟಿಯನ್ನ ಫಾರ್ಮ್ 10ಬಿಡಿಯಲ್ಲಿ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಬೇಕು. ಆಮೇಲೆ ನಿಮಗೆ 10ಬಿಇ ಅನ್ನೋ ಪ್ರಮಾಣಪತ್ರ ಕೊಡಬೇಕು. ಅದರಲ್ಲಿರೋ ನಂಬರನ್ನ ನೀವು ರಿಟರ್ನ್‌ನಲ್ಲಿ ಹಾಕ್ತೀರಿ. ಎರಡೂ ತಾಳೆಯಾದ್ರೆ ಕಡಿತ ಸುಗಮ. ಹಾಗಾಗಿ ಕೊಡೋವಾಗಲೇ ಪ್ಯಾನ್ ನಂಬರ್ ಕೊಡಿ. ಜೂನ್ ಮೊದಲ ವಾರ 10ಬಿಇ ಬರದಿದ್ರೆ ಒಂದು ಫೋನ್ ಮಾಡಿ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಹಿರಿಯರು ಹೇಳ್ತಿದ್ದರು. ಎಡಗೈಗೆ ಹೇಳದಿದ್ರೂ ಪರವಾಗಿಲ್ಲ, ಇಲಾಖೆಗೆ ಹೇಳಲೇಬೇಕು.

ಐದು, ಎಚ್‌ಆರ್‌ಗೆ ರಸೀದಿ ಕೊಟ್ಟರೂ ಅವರು ವಾಪಸ್ ಕಳಿಸಬಹುದು. ಖಾಸಗಿ ಟ್ರಸ್ಟ್‌ಗೆ ನೀವೇ ಕೊಟ್ಟ ದೇಣಿಗೆಯನ್ನ ಕಂಪನಿಗಳು ಸಾಮಾನ್ಯವಾಗಿ ಟಿಡಿಎಸ್ ಲೆಕ್ಕಕ್ಕೆ ತಗೊಳ್ಳಲ್ಲ. ಗಾಬರಿ ಬೇಡ, ರಿಟರ್ನ್ ಹಾಕೋವಾಗ ಕ್ಲೈಮ್ ಮಾಡಿ, ರಿಫಂಡ್ ಬರುತ್ತೆ. ಆದ್ರೆ ಕೊನೇ ದಿನಾಂಕದ ಒಳಗೆ ಹಾಕಿ. ತಡವಾಗಿ ಹಾಕಿದ ರಿಟರ್ನ್‌ನಲ್ಲಿ ಹಳೇ ಪದ್ಧತಿ ಆರಿಸಿಕೊಳ್ಳೋಕೆ ಆಗಲ್ಲ. ಅಲ್ಲಿಗೆ 80ಜಿ ಒಂದೇ ಅಲ್ಲ, 80ಸಿ, ಎಚ್‌ಆರ್‌ಎ ಎಲ್ಲಾ ಹೋಯ್ತು.

ಇನ್ನೊಂದು ಸಣ್ಣ ವಿಷಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತೆ. ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ಆದ್ರೆ ಈ ಮಾರ್ಚ್ 31ರವರೆಗೆ ಕೊಟ್ಟಿದ್ದಕ್ಕೆ ಹಳೇ ಕಾಯ್ದೆಯ 80ಜಿಯೇ ಅನ್ವಯ.

ಇವಕ್ಕೆ 80ಜಿ ಸಿಗಲ್ಲ

ವಸ್ತು ರೂಪದ ದಾನ. ಅಕ್ಕಿ ಮೂಟೆ, ಬಟ್ಟೆ, ಹಳೇ ಲ್ಯಾಪ್‌ಟಾಪ್, ಕಂಬಳಿ ಯಾವುದಕ್ಕೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿಂದ ಎಷ್ಟೊಂದು ಸಾಮಾನು ಹೋಯ್ತು, ನೆನಪಿರಬಹುದು. ಅದಕ್ಕೆಲ್ಲ ಕಡಿತ ಕೇಳೋ ಹಾಗಿರಲಿಲ್ಲ, ಯಾರೂ ಕೇಳಲೂ ಇಲ್ಲ.

ವ್ಯಕ್ತಿಗೆ ನೇರವಾಗಿ ಕೊಟ್ಟಿದ್ದು. ಮನೆಕೆಲಸದ ಅಕ್ಕನ ಮಗಳ ಕಾಲೇಜ್ ಫೀಸ್, ಊರಿನವರ ಆಪರೇಷನ್ ಖರ್ಚು. ಕ್ರೌಡ್‌ಫಂಡಿಂಗ್ ಆ್ಯಪ್‌ನಲ್ಲಿ ಒಬ್ಬ ರೋಗಿಗೆ ಅಂತ ಕಳಿಸಿದ್ದೂ ಇದೇ ಸಾಲಿಗೆ ಬರುತ್ತೆ. ಆ ಆ್ಯಪ್ ಮೂಲಕ ನೋಂದಾಯಿತ ಟ್ರಸ್ಟ್‌ಗೇ ದುಡ್ಡು ಹೋಗಿ, ಟ್ರಸ್ಟ್ ರಸೀದಿ ಕೊಟ್ಟರೆ ಮಾತ್ರ ಬೇರೆ ಮಾತು. ಆ್ಯಪ್‌ನವರು 'ಟಿಪ್' ಅಂತ ತಗೊಳ್ಳೋದು ದೇಣಿಗೆ ಅಲ್ಲ, ಪೇ ಒತ್ತೋ ಮುಂಚೆ ನೋಡ್ಕೊಳ್ಳಿ.

ದೇವಸ್ಥಾನದ ಹುಂಡಿ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಚರ್ಚ್, ಗುರುದ್ವಾರಗಳ ಜೀರ್ಣೋದ್ಧಾರಕ್ಕೆ ಕೊಟ್ಟರೆ 50% ಇದೆ. ಊರ ಗುಡಿಯ ಹುಂಡಿಗೆ ಇಲ್ಲ.

ಒಂದೇ ಧಾರ್ಮಿಕ ಸಮುದಾಯ ಅಥವಾ ಒಂದೇ ಜಾತಿಯ ಹಿತಕ್ಕೆ ಅಂತ ಇರೋ ಸಂಸ್ಥೆ. ನಮ್ಮಲ್ಲಿ ಜಾತಿವಾರು ಹಾಸ್ಟೆಲ್‌ಗಳ ದೊಡ್ಡ ಪರಂಪರೆಯೇ ಇದೆ, ಹಾಗಾಗಿ ಇದು ತಿಳಿದಿರಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರೋ ಸಂಸ್ಥೆಗಳಿಗೆ ಈ ಅಡ್ಡಿ ಇಲ್ಲ.

ಒಂದು ಎಚ್ಚರಿಕೆ

ಮಾರ್ಚ್‌ನಲ್ಲಿ ಇನ್ನೊಂದು ಥರದ ಫೋನ್ ಕೂಡ ಬರುತ್ತೆ. "ಸರ್, ಒಂದು ಲಕ್ಷ ಟ್ರಾನ್ಸ್‌ಫರ್ ಮಾಡಿ, ನಮ್ಮ ಕಮಿಷನ್ ಕಳೆದು ಉಳಿದಿದ್ದು ಕ್ಯಾಶ್ ಆಗಿ ವಾಪಸ್ ಕೊಡ್ತೀವಿ, ರಸೀದಿ ಪೂರ್ತಿದು." ಕೆಲವರು ಟ್ರಸ್ಟ್ ಹೆಸರಲ್ಲಿ, ಕೆಲವರು ಯಾರೂ ಹೆಸರು ಕೇಳದ ರಾಜಕೀಯ ಪಕ್ಷದ ಹೆಸರಲ್ಲಿ ಮಾಡ್ತಾರೆ. ಪಕ್ಷಗಳಿಗೆ ಕೊಟ್ಟಿದ್ದು 80ಜಿಜಿಸಿ ಅಡಿ ಬರುತ್ತೆ, ಅದಕ್ಕೆ ಪೂರ್ತಿ ಕಡಿತ ಇರೋದರಿಂದ ಆಸೆ ತೋರಿಸೋದು ಸುಲಭ.

ಇದು ಜಾಣತನ ಅಲ್ಲ, ಮೋಸ. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಇಂಥ ಸುಳ್ಳು ಕಡಿತಗಳ ಮೇಲೆ ದೇಶದ ಹಲವು ಕಡೆ ಶೋಧ ನಡೆಸಿತು. ಸುಳ್ಳು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದ್ದು ಸಾಬೀತಾದ್ರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು, ಅಂದ್ರೆ 200% ದಂಡ ಬೀಳಬಹುದು. ತೆರಿಗೆ, ಬಡ್ಡಿ ಬೇರೆ. ನೋಟಿಸ್ ಬರೋದು ನಿಮ್ಮ ಹೆಸರಿಗೆ, ಆ ಏಜೆಂಟ್ ಹೆಸರಿಗಲ್ಲ.

ಹೊಸ ಪದ್ಧತಿಯವರಿಗೆ ಸಿಕ್ಕ ಸ್ವಾತಂತ್ರ್ಯ

ಈಗ ನಮ್ಮ ಕಥೆಗೆ ಬರೋಣ. ಯೋಚಿಸಿ ನೋಡಿದ್ರೆ, ಮೇಲಿನ 'ಸಿಗಲ್ಲ' ಪಟ್ಟಿ ನಮಗೆ ಅನ್ವಯಿಸೋದೇ ಇಲ್ಲ. ಹೇಗೂ ಕಡಿತ ಇಲ್ಲ ಅಂದ ಮೇಲೆ, 80ಜಿ ಇದೆಯಾ ಅಂತ ಹುಡುಕಿಕೊಂಡು ಹೋಗೋ ಕಾರಣ ಏನು?

ಇಷ್ಟು ದಿನ ಎಷ್ಟೋ ಜನ ರಸೀದಿ ಸಿಗೋ ಕಡೆ ಕೊಡ್ತಿದ್ದರು, ಬೇಕಿರೋ ಕಡೆ ಅಲ್ಲ. ನೀವು ಓದಿದ ಸರ್ಕಾರಿ ಶಾಲೆಗೆ ಎರಡು ಫ್ಯಾನ್ ಬೇಕಾಗಿರಬಹುದು. ಊರಿನ ಲೈಬ್ರರಿಗೆ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಬೇಕಾಗಿರಬಹುದು. ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಅಣ್ಣನ ಮಗ ಡಿಪ್ಲೊಮಾ ಸೇರಿ ಎರಡನೇ ವರ್ಷದ ಫೀಸ್‌ಗೆ ಸಾಲ ಹುಡುಕ್ತಿರಬಹುದು. ಇವಕ್ಕೆ ಯಾವತ್ತೂ 10ಬಿಇ ಬರಲ್ಲ. ಈಗ ನಿಮಗೂ ಅದು ಬೇಕಾಗಿಲ್ಲ. ಎಲ್ಲಿ ಕೊಡಬೇಕು ಅಂತ ತೆರಿಗೆ ಕಾಯ್ದೆ ಹೇಳ್ತಿತ್ತು, ಈಗ ನೀವೇ ಹೇಳಬಹುದು.

ಒಂದು ವಿಷಯದಲ್ಲಿ ಮಾತ್ರ ಹುಷಾರು. 80ಜಿ ನೋಂದಣಿ ಅನ್ನೋದು ಒಂದು ಮಟ್ಟದ ಜರಡಿ ಆಗಿತ್ತು. ಅದನ್ನ ಬಿಟ್ಟ ಮೇಲೆ ಜರಡಿ ಹಿಡಿಯೋ ಕೆಲಸ ನಮ್ಮದು. ನಾನು ನೋಡೋದು ಇಷ್ಟು:

ಸಂಸ್ಥೆ ಆದ್ರೆ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದರ ಹೆಸರು, ಪ್ಯಾನ್ ಹಾಕಿ ನೋಂದಣಿ ಇದೆಯಾ ನೋಡಿ. ಕಡಿತ ಬೇಡದಿದ್ರೂ ಇದು ಒಳ್ಳೇ ಪರೀಕ್ಷೆ. ದುಡ್ಡು ಕೇಳೋ ಖಾತೆ ಸಂಸ್ಥೆಯ ಹೆಸರಲ್ಲೇ ಇರಬೇಕು, ಯಾರದೋ ಪರ್ಸನಲ್ ಯುಪಿಐ ಐಡಿ ಅಲ್ಲ. ಕಳೆದ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಕೊಡೋಕೆ ಬೇಸರ ಮಾಡ್ಕೊಳ್ಳದವರೇ ಒಳ್ಳೆಯವರು. ಸಾಧ್ಯ ಆದ್ರೆ ಒಂದು ಭಾನುವಾರ ಹೋಗಿ ಬನ್ನಿ. ಅಡುಗೆಮನೆ, ಶೌಚಾಲಯ ಎರಡು ನೋಡಿದ್ರೆ ಅರ್ಧ ಆಡಿಟ್ ಆದ ಹಾಗೆ.

ವ್ಯಕ್ತಿ ಆದ್ರೆ, ಕೈಗೆ ಕೊಡೋ ಬದಲು ನೇರವಾಗಿ ಕಾಲೇಜಿಗೆ, ಆಸ್ಪತ್ರೆಗೆ ಕಟ್ಟಿ. ಅನುಮಾನದಿಂದಲ್ಲ. ಕೊಡೋರಿಗೂ ತಗೊಳ್ಳೋರಿಗೂ ಮುಜುಗರ ಕಡಿಮೆ. ಸರ್ಕಾರಿ ಶಾಲೆ ಆದ್ರೆ ಹೆಡ್ ಮಾಸ್ಟರ್ ಮತ್ತು ಎಸ್‌ಡಿಎಂಸಿಯವರ ಜೊತೆ ಕೂತು ಏನು ಬೇಕು ಅಂತ ಕೇಳಿ. ನಮಗೆ ಸ್ಮಾರ್ಟ್ ಬೋರ್ಡ್ ಕೊಡಬೇಕು ಅನ್ಸುತ್ತೆ, ಅವರಿಗೆ ನೀರಿನ ಟ್ಯಾಂಕ್ ಬೇಕಾಗಿರುತ್ತೆ.

ರಸೀದಿ ಮಾತ್ರ ಹೊಸ ಪದ್ಧತಿಯಲ್ಲಿದ್ರೂ ತಗೊಳ್ಳಿ. ಸಂಸ್ಥೆಯ ಲೆಕ್ಕ ನೇರ ಇರಲಿ ಅಂತ. ಜೊತೆಗೆ, ಬಿಸಿನೆಸ್ ಆದಾಯ ಇಲ್ಲದ ಸಂಬಳದವರು ರಿಟರ್ನ್ ಹಾಕೋವಾಗ ಪ್ರತಿ ವರ್ಷ ರೆಜೀಮ್ ಬದಲಾಯಿಸಬಹುದು. ಜುಲೈನಲ್ಲಿ ಲೆಕ್ಕ ಹಾಕಿದಾಗ ಹಳೇದೇ ಲಾಭ ಅಂತ ಬಂದ್ರೆ ರಸೀದಿ ಕೆಲಸಕ್ಕೆ ಬರುತ್ತೆ.

ಮಾರ್ಚ್‌ಗೇ ಯಾಕೆ ಕಾಯಬೇಕು?

ಮೇಷ್ಟ್ರ ಮಾತಿನಲ್ಲಿ ನಾವು ಹಿಡಿಯಬೇಕಾದ ಇನ್ನೊಂದು ಎಳೆ ಇದೆ. ದುಡ್ಡು ಮಾರ್ಚ್‌ನಲ್ಲಿ ಬರುತ್ತೆ, ಖರ್ಚು ಪ್ರತಿ ತಿಂಗಳು ಇರುತ್ತೆ. ಮಕ್ಕಳು ವರ್ಷಕ್ಕೊಂದು ಸಲ ಊಟ ಮಾಡಲ್ಲ. ಮಾರ್ಚ್ ಅನ್ನೋ ತಿಂಗಳು ಮುಖ್ಯ ಆಗಿದ್ದೇ ತೆರಿಗೆ ಲೆಕ್ಕದಿಂದ. ಆ ಲೆಕ್ಕವೇ ಹೋದ ಮೇಲೆ ಮಾರ್ಚ್‌ಗೆ ಏನು ವಿಶೇಷ?

ಎಸ್‌ಐಪಿ ಹಾಕೋದು ನಮಗೆ ಹೇಳಿಕೊಡಬೇಕಾಗಿಲ್ಲ. ಅದೇ ಥರ ತಿಂಗಳಿಗೆ 1,000 ಅಥವಾ 1,500 ಯುಪಿಐ ಆಟೋಪೇ ಇಲ್ಲಾ ಬ್ಯಾಂಕ್ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಬಿಡಿ. ಒಟ್ಟಿಗೆ 18,000 ಕೊಡೋಕೆ ಮನಸ್ಸು ಹಿಂಜರಿಯುತ್ತೆ, 1,500 ಹೋಗಿದ್ದು ಗೊತ್ತೂ ಆಗಲ್ಲ. ಆ ಕಡೆಯವರಿಗೆ ಮಾತ್ರ ಇದು ದೊಡ್ಡ ವ್ಯತ್ಯಾಸ. ಮುಂದಿನ ತಿಂಗಳು ಇಷ್ಟು ಬಂದೇ ಬರುತ್ತೆ ಅಂತ ಗೊತ್ತಿದ್ದರೆ ದಿನಸಿ ಅಂಗಡಿಯವರ ಹತ್ತಿರ ಧೈರ್ಯವಾಗಿ ಮಾತಾಡಬಹುದು. ಹಳೇ ಪದ್ಧತಿಯವರಿಗೂ ಇದರಿಂದ ನಷ್ಟ ಇಲ್ಲ, ಹಣಕಾಸು ವರ್ಷದೊಳಗೆ ಕೊಟ್ಟಿದ್ದೆಲ್ಲ ಕೂಡಿಯೇ ಲೆಕ್ಕ.

ಎಷ್ಟು ಕೊಡಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನನ್ನದೊಂದು ಸಲಹೆ: ಬಜೆಟ್‌ನಿಂದ ಈ ವರ್ಷ ಉಳಿದಿದ್ದರಲ್ಲಿ ಹತ್ತನೇ ಒಂದು ಭಾಗ. 65,000 ಉಳಿದವರಿಗೆ 6,500. ತಿಂಗಳಿಗೆ 550ರೊಳಗೆ ಆಯ್ತು. ಇದಕ್ಕೆ ಸಂಬಳ ಮುಟ್ಟಬೇಕಾಗಿಲ್ಲ, ಇಎಂಐ ಅಲುಗಾಡಲ್ಲ. ಮನೆ ಜವಾಬ್ದಾರಿ ಜಾಸ್ತಿ ಇರೋರು, ತಂಗಿ ಮದುವೆ, ಅಪ್ಪನ ಔಷಧಿ ಅಂತ ಓಡಾಡ್ತಿರೋರು ಈ ವರ್ಷ ಕೊಡದಿದ್ದರೆ ಏನೂ ತಪ್ಪಿಲ್ಲ. ಅವರು ಮಾಡ್ತಿರೋದೂ ಸಣ್ಣ ಕೆಲಸ ಅಲ್ಲ.

ನಿಮ್ಮ ಕಂಪನಿಯಲ್ಲಿ ಮ್ಯಾಚಿಂಗ್ ಸೌಲಭ್ಯ ಇದೆಯಾ ಕೇಳಿ ನೋಡಿ. ಕೆಲವು ಕಂಪನಿಗಳು ಉದ್ಯೋಗಿ ಕೊಟ್ಟಷ್ಟೇ ಮೊತ್ತವನ್ನ ತಾವೂ ಸೇರಿಸ್ತವೆ. 80ಜಿಯಿಂದ 15% ಉಳಿಸೋಕೆ ಒದ್ದಾಡೋದಕ್ಕಿಂತ, ಒಂದು ಮೇಲ್ ಕಳಿಸಿ ದೇಣಿಗೆ ಎರಡು ಪಟ್ಟು ಮಾಡಿಸೋದು ವಾಸಿ.

ಹೊರದೇಶದಲ್ಲಿರೋ ಗೆಳೆಯರಿಗೆ

ಅಮೆರಿಕದಲ್ಲಿರೋರಿಗೆ ವರ್ಷದ ಕೊನೆ ಡಿಸೆಂಬರ್ 31. ಇಲ್ಲಿನ ಟ್ರಸ್ಟ್‌ಗೆ ನೇರವಾಗಿ ಕಳಿಸಿದ್ರೆ ಅಲ್ಲಿ ತೆರಿಗೆ ಲಾಭ ಸಿಗಲ್ಲ. ಅಲ್ಲೇ ನೋಂದಣಿ ಆಗಿರೋ 501(ಸಿ)(3) ಸಂಸ್ಥೆಯ ಮೂಲಕ ಕೊಟ್ಟರೆ ಮಾತ್ರ ಆ ಮಾತು. ಅಲ್ಲಿನ ಪೌರತ್ವ ತಗೊಂಡಿದ್ರೆ ನಿಮ್ಮ ದುಡ್ಡು ಇಲ್ಲಿ ವಿದೇಶಿ ದೇಣಿಗೆ ಆಗುತ್ತೆ. ಎಫ್‌ಸಿಆರ್‌ಎ ನೋಂದಣಿ ಇರೋ ಸಂಸ್ಥೆ ಮಾತ್ರ, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯಲ್ಲೇ, ಅದನ್ನ ತಗೊಳ್ಳಬೇಕು. ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿರೋ ಎನ್‌ಆರ್‌ಐಗಳಿಗೆ ಈ ತಲೆನೋವಿಲ್ಲ. ಊರಿನ ಸಂಸ್ಥೆಗೆ ಪ್ರೀತಿಯಿಂದ ಕಳಿಸಿದ ನೂರು ಡಾಲರ್ ಅವರಿಗೆ ಕಷ್ಟ ತಂದಿಡಬಾರದು, ಮೊದಲು ಕೇಳಿ ಕಳಿಸಿ.

ಕೊನೆಯದಾಗಿ

ಪ್ರಶ್ನೆ ಕೇಳಿದವರೇ, 20,000 ರೂಪಾಯಿ ಕೊಡೋದಾ ಬಿಡೋದಾ ಅಂತ ಕೇಳಿದ್ರಿ. ನಿಮ್ಮ ಕೈಲಿ ಆಗುತ್ತೆ ಅಂದ್ರೆ ಕೊಡಿ. 20,000 ಆಗದಿದ್ರೆ 10,000 ಕೊಡಿ. ಏನೂ ಕೊಡೋಕಾಗಲ್ಲ ಅಂದ್ರೆ ಆ ಟ್ರಸ್ಟ್‌ಗೆ ಒಂದು ಫೋನ್ ಮಾಡಿ "ಈ ವರ್ಷ ಆಗ್ತಿಲ್ಲ" ಅಂತ ಹೇಳಿ. ಮೌನಕ್ಕಿಂತ ಅದು ಎಷ್ಟೋ ಮೇಲು, ಅವರು ಬೇರೆ ಕಡೆ ನೋಡ್ಕೊಳ್ತಾರೆ.

ಹಳೇ ಪದ್ಧತಿಯವರು 31ನೇ ತಾರೀಕು ರಾತ್ರಿಯವರೆಗೆ ಕಾಯಬೇಡಿ, ಅವತ್ತು ಬ್ಯಾಂಕ್ ಸರ್ವರ್ ಮೇಲೆ ಎಷ್ಟು ಲೋಡ್ ಇರುತ್ತೆ ಅಂತ ಸಾಫ್ಟ್‌ವೇರ್‌ನವರಿಗೆ ಬಿಡಿಸಿ ಹೇಳಬೇಕಾ? ಹೊಸ ಪದ್ಧತಿಯವರಿಗೆ ಯಾವ ಗಡುವೂ ಇಲ್ಲ. ಏಪ್ರಿಲ್ 1ಕ್ಕೆ ಶುರು ಮಾಡಿದ್ರೂ ನಡೆಯುತ್ತೆ.

ನೀವು ಎಲ್ಲಿ ಕೊಡ್ತೀರಿ, ಹೇಗೆ ಆರಿಸ್ತೀರಿ ಅಂತ ಬರೆದು ಕಳಿಸಿ. ಹೆಸರು ಬೇಡ ಅಂದ್ರೆ ಹಾಕಲ್ಲ. ಮುಂದಿನ ಸಲ ಮೊದಲ ಸಂಬಳದಲ್ಲಿ ಮನೆಗೆ ಎಷ್ಟು ಕಳಿಸಬೇಕು ಅನ್ನೋ ಹಳೇ ಜಗಳದ ಬಗ್ಗೆ ಮಾತಾಡೋಣ.